ದೇವರ ಹೆಸರು ಯಾರಿಗೂ ನೆನಪಿಲ್ಲ: ನಮ್ಮ ಕ್ಯಾಂಪೇನ್‌ಗೆ ಒಂದು ಧರ್ಮಸಂಘ ಕಟ್ಟಲು ಸಹಾಯ ಬೇಕು

ಎಡೆದೊರೆ, ಸಿಂಧನೂರು

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಐದು ಜನರಿಗೆ ಕನ್ನಡದಲ್ಲೇ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಸುತ್ತಿದ್ದೇನೆ. ಒಬ್ಬರು ಕಥೆ ನಡೆಸಿ, ಉಳಿದವರು ಒಂದೊಂದು ಪಾತ್ರವಾಗಿ ದಾಳ ಹಾಕುವ ಆಟ ಇದು; ವಾರ ವಾರ ಮುಂದುವರಿಯುವ ಆ ಕಥೆಯೇ ಕ್ಯಾಂಪೇನ್. 2014ರ ಐದನೇ ಆವೃತ್ತಿಯ ರೂಲ್ಸ್. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕೂತರೆ ದೀಪ ಹಚ್ಚುವ ಹೊತ್ತಿನ ತನಕ ಆಟ. ಮಧ್ಯೆ ಒಮ್ಮೆ ಮಿರ್ಚಿ, ಒಗ್ಗರಣೆ ಮಂಡಕ್ಕಿ.

ನಮ್ಮ ಕಥೆಯ ನಾಡು ಎರಡು ನದಿಗಳ ನಡುವೆ ಇದೆ. ಉತ್ತರಕ್ಕೆ ಒಂದು ರಾಜ್ಯ, ದಕ್ಷಿಣಕ್ಕೆ ಇನ್ನೊಂದು. ಇಬ್ಬರಿಗೂ ಈ ನೆಲ ಬೇಕು. ಎಲ್ಲಿಂದ ತಂದೆ ಅಂತ ನಿಮಗೆ ಹೇಳಬೇಕಿಲ್ಲ. ಕೃಷ್ಣೆ, ತುಂಗಭದ್ರೆ ನಡುವಿನ ನಮ್ಮ ಸೀಮೆಗೆ ಹಳೆಯ ಶಾಸನಗಳಲ್ಲಿ ಎಡೆದೊರೆ ಅಂತಲೇ ಹೆಸರು. ವಿಜಯನಗರದವರು ಮೊದಲು ಬಹಮನಿಗಳ ಜೊತೆ, ಆಮೇಲೆ ಬಿಜಾಪುರದವರ ಜೊತೆ ಇದಕ್ಕಾಗಿ ಹೊಡೆದಾಡಿದರು. 1520ರಲ್ಲಿ ರಾಯಚೂರು ಕೋಟೆಯ ಮುಂದೆ ನಡೆದದ್ದು ಅದರಲ್ಲಿ ದೊಡ್ಡ ಕಾಳಗ. ಆ ನಕ್ಷೆಯನ್ನೇ ಸ್ವಲ್ಪ ತಿರುಗಿಸಿ ಇಟ್ಟುಕೊಂಡಿದ್ದೇನೆ.

ತೊಂದರೆ ಇರುವುದು ಧರ್ಮಸಂಘದಲ್ಲಿ. ಎರಡೂ ರಾಜ್ಯಗಳಿಗೆ ಸೇರದೆ ನಡುವೆ ನಿಲ್ಲುವ ಒಂದು ಸಂಘ ಬೇಕಿತ್ತು. ನಾನು 14 ಪುಟ ಬರೆದೆ. ಸೂರ್ಯನ ಹಾಗಿರುವ ಒಬ್ಬ ದೇವರು, ಸೃಷ್ಟಿಯ ಕಥೆ, ಹನ್ನೆರಡು ದರ್ಜೆಯ ಅರ್ಚಕರು, ಒಂದೊಂದು ದರ್ಜೆಗೆ ಒಂದೊಂದು ಬಣ್ಣದ ಅಂಗಿ. ಬೆಟ್ಟದ ಮೇಲೆ ದೊಡ್ಡ ಆಶ್ರಮ. ಹರಕೆ ಹೊತ್ತವರು ಹತ್ತು ವರ್ಷದೊಳಗಿನ ಮಕ್ಕಳನ್ನು ಅಲ್ಲಿಗೆ ಒಪ್ಪಿಸುತ್ತಾರೆ. ಆ ಮಕ್ಕಳು ಬೆಳೆದು ದೇವರ ಶಕ್ತಿಯಿಂದ ಮಂತ್ರ ಹಾಕುವ ಕ್ಲೆರಿಕ್‌ಗಳಾಗಿ, ಬರಗಾಲದಲ್ಲಿ ಮಂತ್ರದಿಂದ ನೀರು ತರಿಸುತ್ತಾರೆ.

ಮೂರು ಸೆಷನ್ ಆದ ಮೇಲೆ ಸುಮ್ನೆ ಕೇಳಿದೆ, ಆ ದೇವರ ಹೆಸರೇನು ಅಂತ. ಐದು ಜನರಲ್ಲಿ ಒಬ್ಬರಿಗೂ ನೆನಪಿರಲಿಲ್ಲ. "ಆ ಹಳದಿ ಅಂಗಿಯವರು ಅಲ್ವಾ?" ಅಂದರು. ಮನಸ್ಸಿಗೆ ಬೇಜಾರಾಯಿತು. ಅವರ ತಪ್ಪು ಅಂತ ಹೇಳುತ್ತಿಲ್ಲ. ಅದೇ ಐದು ಜನರಿಗೆ ಮೊದಲ ಊರಿನ ಕಮ್ಮಾರನ ಮಗಳ ಹೆಸರು ಇವತ್ತಿಗೂ ಬಾಯಿಗೆ ಬರುತ್ತದೆ.

ಮನಸ್ಸಿನಲ್ಲಿ ಉಳಿಯುವಂಥ ಸಂಘ ಕಟ್ಟುವುದು ಹೇಗೆ? ಬರೆದದ್ದನ್ನೆಲ್ಲ ಬಿಡಲು ತಯಾರಿದ್ದೇನೆ.

ಡಿ20 ಬಳ್ಳಾರಿ

ಅಣ್ಣ, ದೇವರಿಂದ ಶುರು ಮಾಡಿದ್ದೇ ಎಡವಟ್ಟಾಗಿದೆ ಅಂತ ನನ್ನ ಅನಿಸಿಕೆ. ಆ ಸಂಘದವರು ಒಂದು ಸಾದಾ ಮಂಗಳವಾರ ಬೆಳಗ್ಗೆ ಎದ್ದು ಏನು ಮಾಡುತ್ತಾರೆ? ಅದು ಗೊತ್ತಾದರೆ ದೇವರು ತಾನಾಗಿ ಬರುತ್ತಾನೆ.

ಈ ಆಟ 1974ರಲ್ಲಿ ಮೊದಲು ಬಂದಾಗ ಕ್ಲೆರಿಕ್‌ಗೆ ಮೊದಲ ಲೆವೆಲ್‌ನಲ್ಲಿ ಒಂದು ಸ್ಪೆಲ್ಲೂ, ಅಂದರೆ ಮಂತ್ರವೂ ಇರಲಿಲ್ಲ. ಎರಡನೇ ಲೆವೆಲ್‌ನಿಂದ ಸಿಗುತ್ತಿತ್ತು. ಅಂಚಿರುವ ಆಯುಧ ಹಿಡಿಯುವ ಹಾಗೂ ಇರಲಿಲ್ಲ. ನನಗೆ ಇದು ತುಂಬ ಇಷ್ಟ. ಸಂಘಕ್ಕೆ ಹೊಸದಾಗಿ ಬಂದವರು ಮೊದಲು ಕೈಯಾರೆ ದುಡಿಯಬೇಕು, ಶಕ್ತಿ ಆಮೇಲೆ. ಈಗಿನ ರೂಲ್ಸ್‌ನಲ್ಲಿ ಹಾಗಿಲ್ಲ. ಆದರೆ ಕಥೆಯಲ್ಲಿ ನೀವು ಇಟ್ಟುಕೊಳ್ಳಬಹುದು.

ಇನ್ನು ನೀರಿನ ಮಾತು. ಲೆಕ್ಕ ಹಾಕಿ ನೋಡಿದ್ದೀರಾ? ನೀರು ತರಿಸುವ ಕ್ರಿಯೇಟ್ ಆರ್ ಡಿಸ್ಟ್ರಾಯ್ ವಾಟರ್ ಮೊದಲನೇ ಲೆವೆಲ್ ಸ್ಪೆಲ್. ಒಂದು ಸಲಕ್ಕೆ 10 ಗ್ಯಾಲನ್, ಅಂದರೆ ಸುಮಾರು 38 ಲೀಟರ್. ಮೊದಲ ಲೆವೆಲ್ ಕ್ಲೆರಿಕ್‌ಗೆ ದಿನಕ್ಕೆ ಎರಡು ಸ್ಲಾಟ್, ಅಂದರೆ ಎರಡು ಸಲ ಸ್ಪೆಲ್ ಹಾಕುವ ಅವಕಾಶ. ಎರಡನ್ನೂ ಇದಕ್ಕೇ ಖರ್ಚು ಮಾಡಿದರೆ 76 ಲೀಟರ್. ನಮ್ಮ ಲೆಕ್ಕದಲ್ಲಿ ಐದು ಕೊಡ. ಒಂದು ಮನೆಗೆ ಕುಡಿಯಲು, ಅಡುಗೆಗೆ ಸಾಕು. ಅದೇ ಒಂದು ಎಕರೆ ಹೊಲಕ್ಕೆ ಒಂದು ಇಂಚು ನೀರು ನಿಲ್ಲಿಸಬೇಕೆಂದರೆ ಒಂದು ಲಕ್ಷ ಲೀಟರ್ ದಾಟುತ್ತದೆ. ಆ ಸ್ಪೆಲ್ಲನ್ನು ಹತ್ತಿರ ಹತ್ತಿರ 2,700 ಸಲ ಹಾಕಬೇಕು. ಭತ್ತಕ್ಕೆ ಒಂದು ಇಂಚು ಏನೇನೂ ಸಾಲದು ಅಂತ ಸಿಂಧನೂರಿನವರಿಗೆ ನಾನು ಹೇಳಬೇಕಾ?

ನಿಮ್ಮ ಸಂಘ ಜನರ ಬಾಯಿ ತೋಯಿಸಬಹುದು, ಹೊಲ ತೋಯಿಸಲು ಆಗುವುದಿಲ್ಲ. ಇದನ್ನು ಕೊರತೆ ಅಂತ ತಿಳಿಯಬೇಡಿ, ಕಥೆ ಹುಟ್ಟುವ ಜಾಗವೇ ಇದು. ರಾಜನಿಗೆ ಕಾಲುವೆ ಬೇಕೇ ಬೇಕು. ಸಂಘಕ್ಕೆ ಬಾವಿಕಟ್ಟೆಯ ಮೇಲೆ ಮಾತ್ರ ಅಧಿಕಾರ.

ಊಟದ್ದೂ ಹಾಗೆಯೇ. ಕ್ರಿಯೇಟ್ ಫುಡ್ ಅಂಡ್ ವಾಟರ್ ಮೂರನೇ ಲೆವೆಲ್ ಸ್ಪೆಲ್, ಐದನೇ ಲೆವೆಲ್ ಕ್ಲೆರಿಕ್ ಬೇಕು. ಅಷ್ಟು ಮಾಡಿದರೂ 15 ಜನರಿಗೆ ಒಂದು ದಿನದ ಊಟ. ಕೊಪ್ಪಳದ ಗವಿಮಠದ ಜಾತ್ರೆ ನೆನಪು ಮಾಡಿಕೊಳ್ಳಿ. ಹಳ್ಳಿ ಹಳ್ಳಿಯಿಂದ ಟ್ರ್ಯಾಕ್ಟರ್‌ನಲ್ಲಿ ಜೋಳದ ರೊಟ್ಟಿ ಬರುತ್ತವೆ. ಆ ಮಟ್ಟದ ದಾಸೋಹಕ್ಕೆ ಮಂತ್ರ ಸಾಲದು. ಸಾವಿರ ಮನೆಯ ಹೆಣ್ಣುಮಕ್ಕಳು ರೊಟ್ಟಿ ಬಡಿಯಬೇಕು. ಹಾಗಾದರೆ ಸಂಘ ಯಾರ ಋಣದಲ್ಲಿದೆ? ಅದನ್ನು ಮೊದಲು ಬರೆಯಿರಿ.

ಹೊಸ ಪ್ಲೇಯರ್, ಕೊಪ್ಪಳ

ಒಂದು ಸಣ್ಣ ಪ್ರಶ್ನೆ. ಇದನ್ನು ಮಠ ಅಂತ ಕರೆಯಬಹುದಾ? ನಮ್ಮ ಟೇಬಲ್‌ನಲ್ಲಿ ಮಠ ಅಂದ ಕೂಡಲೇ ಎಲ್ಲರ ಕಣ್ಣ ಮುಂದೆ ತಮ್ಮ ತಮ್ಮ ಮನೆಯ ಮಠ ಬಂದು ನಿಲ್ಲುತ್ತದೆ. ಆಮೇಲೆ ಕಥೆಯಲ್ಲಿ ಅಲ್ಲಿನವರು ತಪ್ಪು ಮಾಡಿದರೆ ಯಾರಿಗೋ ನೋವಾಗುತ್ತದೆ.

ಕುಡತಿನಿ ಕಡೆಯವ

ಮಠ ಬೇಡ, ಪಂಥ ಬೇಡ. ಜನ ಕರೆಯುವ ಹೆಸರು ಸಾಕು. ಮಾಡುವ ಕೆಲಸದಿಂದ ಹುಟ್ಟಿದ ಹೆಸರಾಗಿರಲಿ.

ನನ್ನ ತಲೆಯಲ್ಲಿ ಬಹಳ ದಿನದಿಂದ ಒಂದು ಚಿತ್ರ ಇದೆ. ಅದನ್ನು ನಿಮಗೆ ಕೊಡುತ್ತೇನೆ. ಬಳ್ಳಾರಿಯಿಂದ ಹೊಸಪೇಟೆ ಕಡೆ ಹೋಗುವಾಗ ಕುಡತಿನಿ ಸಿಗುತ್ತದೆ. ಅಲ್ಲಿ ಒಂದು ಬೂದಿ ದಿಬ್ಬ ಇದೆ. ಮೇಲಿಂದ ನೋಡಿದರೆ ಸಾದಾ ಮಣ್ಣಿನ ಗುಡ್ಡೆ. ಹತ್ತಿರ ಹೋದರೆ ಬೂದಿ, ಪದರದ ಮೇಲೆ ಪದರ. 4,000 ವರ್ಷಕ್ಕೂ ಹಿಂದೆ ದನ ಸಾಕುವ ಜನ ಸಗಣಿ ಒಟ್ಟಿದರು, ಬೆಂಕಿ ಹಚ್ಚಿದರು, ಅದರ ಮೇಲೆ ಮತ್ತೆ ಒಟ್ಟಿದರು, ಮತ್ತೆ ಹಚ್ಚಿದರು. ಇಂಥ ದಿಬ್ಬಗಳಲ್ಲಿ ಕೆಲವು ಪದರಗಳು ಕಾವಿಗೆ ಕರಗಿ ಗಾಜಿನ ಹಾಗೆ ಗಟ್ಟಿಯಾಗಿರುತ್ತವೆ. ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಇವು ಬಹಳ ಇವೆ. 19ನೇ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇವನ್ನು ನೋಡಿ ಬರೆದಿಟ್ಟರು. ಬಳ್ಳಾರಿಯಲ್ಲಿ ಅವರ ಹೆಸರಿನ ಸಂಗನಕಲ್ಲು ಮ್ಯೂಸಿಯಂ ಇದೆ, ಹೋಗಿ ನೋಡಿ. ರಾಯಚೂರಿನಿಂದ ಕೃಷ್ಣೆ ದಾಟಿದರೆ ಉಟ್ನೂರು. ಅಲ್ಲಿನ ದಿಬ್ಬದಲ್ಲಿ ದನದ ಗೊರಸಿನ ಗುರುತುಗಳೇ ಸಿಕ್ಕಿವೆ.

ಯಾಕೆ ಸುಟ್ಟರು ಅನ್ನುವುದರ ಬಗ್ಗೆ ಪಂಡಿತರಲ್ಲಿ ಒಮ್ಮತ ಇಲ್ಲ. ಹಬ್ಬಕ್ಕೋ, ರೋಗ ಬಂದದ್ದಕ್ಕೋ, ಊರು ಬಿಡುವಾಗಲೋ. ಹಂಪಿ ಹತ್ತಿರದ ನಿಂಬಾಪುರದ ಬೂದಿ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಜಾಗ ಅನ್ನುತ್ತಾರೆ. ಅದೇ ಕುಡತಿನಿಯಲ್ಲಿ ಈಗ ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರವೂ ಇದೆ. ಹಳೇ ಬೂದಿ ಪಕ್ಕದಲ್ಲೇ ಹೊಸ ಬೂದಿ. ಆ ದಾರಿಯಲ್ಲಿ ಹೋದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಇನ್ನೊಂದು ಚಿತ್ರ ನಮ್ಮ ಅಜ್ಜಿಯದು. ರಾತ್ರಿ ಅಡುಗೆ ಮುಗಿದ ಮೇಲೆ ಒಲೆಯಲ್ಲಿ ಒಂದು ಕುಳ್ಳಿನ (ಬೆರಣಿಯ) ತುಂಡು ಇಡುತ್ತಿದ್ದಳು. ಅದರ ಮೇಲೆ ಬೂದಿ ಎಳೆಯುತ್ತಿದ್ದಳು. ಅಂಗೈಯಿಂದ ಮೆಲ್ಲಗೆ ಒತ್ತುತ್ತಿದ್ದಳು, ಮಗುವನ್ನು ತಟ್ಟುವ ಹಾಗೆ. ಬೆಳಗಿನ ಜಾವ ಚಿಮ್ಮಟಿಗೆಯಿಂದ ಬೂದಿ ಸರಿಸಿದರೆ ಒಳಗೆ ಕೆಂಪಗೆ ಒಂದು ಕಣ್ಣು. ಊದುಗೊಳವೆ ತಗೊಂಡು ಎರಡು ಸಲ ಊದಿದರೆ ಒಲೆ ಹತ್ತುತ್ತಿತ್ತು. ಯಾವತ್ತಾದರೂ ಕೆಂಡ ಆರಿದರೆ ಪಕ್ಕದ ಮನೆಗೆ ಒಂದು ಕುಳ್ಳು ಹಿಡಿದು ನನ್ನನ್ನೇ ಓಡಿಸುತ್ತಿದ್ದಳು, "ಬೆಂಕಿ ತಗೊಂಡು ಬಾ" ಅಂತ. ಬೆಂಕಿ ಕೊಡುವುದಿಲ್ಲ ಅಂತ ಯಾರೂ ಅನ್ನುತ್ತಿರಲಿಲ್ಲ. ಜಗಳ ಆಡಿದ ಮನೆಯವರೂ ಕೊಡುತ್ತಿದ್ದರು.

ಬೂದಿ ಮುಚ್ಚಿದ ಕೆಂಡ ಅಂತ ನಾವು ದಿನಾ ಅನ್ನುತ್ತೇವೆ. ಆ ಮಾತನ್ನೇ ಒಂದು ಧರ್ಮ ಮಾಡಿ. ಇವರ ದೇವರು ಆಕಾಶದಲ್ಲಿ ಬೇಡ, ಬೂದಿಯ ಕೆಳಗೆ ಇರಲಿ. ಸತ್ತಿಲ್ಲ, ಮುಚ್ಚಿಕೊಂಡಿದ್ದಾನೆ. ಕಾಪಾಡಿಕೊಂಡು ಹೋಗುವುದು ಇವರ ಕೆಲಸ. ಜನ ಇವರನ್ನು ಬೂದಿಯವರು ಅನ್ನಲಿ. ಇವರ ನೆಲೆ ಒಂದು ಬೂದಿ ದಿಬ್ಬ. ಪ್ರತಿ ವರ್ಷ ಒಂದು ಪದರ ಸೇರುತ್ತದೆ. ದಿಬ್ಬ ಅಗೆದರೆ ನಾಡಿನ ಇತಿಹಾಸ ಪದರ ಪದರವಾಗಿ ಸಿಗುತ್ತದೆ. ನಿಮ್ಮ ಪ್ಲೇಯರ್‌ಗಳು ಹೇಗೂ ಅಗೆಯುತ್ತಾರೆ.

ಡಿ20 ಬಳ್ಳಾರಿ

ಇದನ್ನು ಓದಿ ಅಂಗಡಿಯಲ್ಲಿ ಮಷಿನ್ ನಿಲ್ಲಿಸಿ ಕೂತೆ. ಊದುಗೊಳವೆಯೇ ಇವರ ಆಯುಧ ಆಗಲಿ. ಕಬ್ಬಿಣದ್ದು, ಒಂದು ಮೊಳ ಉದ್ದ. ಮೇಸ್ ಅನ್ನುವ ಗದೆಯ ಅಂಕಿಗಳನ್ನೇ ಕೊಡಿ, ಪೆಟ್ಟಿಗೆ ಒಂದು ಡಿ6, ಅಂದರೆ ಆರು ಮುಖದ ದಾಳ. ಅಂಚಿಲ್ಲದ ಆಯುಧ ಅನ್ನುವ ಹಳೇ ನಿಯಮವೂ ಕೂಡಿ ಬಂತು.

ಕೊನೆ ಭಾಗ, ಮಾನ್ವಿ

ಎಡೆದೊರೆ ಸರ್, ನಾನು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತನ ಮಗ. ನನ್ನ ಐಡಿ ಹೆಸರು ಅದರಿಂದಲೇ ಬಂದದ್ದು. ನಿಮ್ಮ ಸಂಘಕ್ಕೆ ಒಂದು ವ್ರತ ಬೇಕು ಅನ್ನಿಸಿತು. ಒಂದೇ ಒಂದು, ಆದರೆ ಆಟದಲ್ಲಿ ಜಗಳ ತರುವಂಥದ್ದು.

ನಮ್ಮ ಕಡೆ ನೀರು ಮೇಲ್ಭಾಗದಲ್ಲಿ ಮೊದಲು ತಿರುಗುತ್ತದೆ. ಅಲ್ಲಿ ಭತ್ತ ಎರಡು ಬೆಳೆ. ನಮ್ಮ ತೂಬಿನ ಹತ್ತಿರ ಬರುವಷ್ಟರಲ್ಲಿ ಕಾಲುವೆ ತಳದ ಕಲ್ಲು ಕಾಣುತ್ತದೆ. ಅಪ್ಪ ರಾತ್ರಿ ಟಾರ್ಚ್ ಹಿಡಿದು ಕಾಲುವೆ ಮೇಲೆ ನಡೆದದ್ದು ನನಗೆ ಚಿಕ್ಕಂದಿನಿಂದ ಗೊತ್ತು. ಮೇಲಿನವರು ಕೆಟ್ಟವರು ಅಂತಲ್ಲ. ಅವರಲ್ಲಿ ನಮ್ಮ ಬೀಗರೂ ಇದ್ದಾರೆ. ನೀರು ಮುಂದೆ ಹರಿಯುತ್ತಿರುವಾಗ ಕೊನೆಯ ಹೊಲ ಯಾರ ಕಣ್ಣಿಗೂ ಬೀಳುವುದಿಲ್ಲ, ಅಷ್ಟೇ.

ಬೂದಿಯವರ ವ್ರತ ಇದಾಗಲಿ: ಕೊನೆ ಮನೆ ಮೊದಲು. ಬೆಂಕಿ ಇರಲಿ, ನೀರಿರಲಿ, ಅನ್ನ ಇರಲಿ, ಔಷಧಿ ಇರಲಿ, ಹಂಚುವುದು ಊರ ಕೊನೆಯ ಮನೆಯಿಂದ ಶುರು. ಗೌಡರ ಮನೆಗೆ ಕಡೆಗೆ. ಕೇಳಲು ಸಣ್ಣ ಮಾತು. ಆದರೆ ಇದನ್ನು ಧರ್ಮಯೋಧ ಪ್ಯಾಲಡಿನ್‌ನ ಪ್ರಮಾಣ ಮಾಡಿ ನೋಡಿ. ರಾಜನ ಮಗನಿಗೆ ವಿಷ ಏರಿದೆ, ಊರ ಕೊನೆಯಲ್ಲಿ ಒಂದು ಕುರಿಗಾಯಿ ಹುಡುಗಿಗೂ ಏರಿದೆ. ಕ್ಲೆರಿಕ್ ಹತ್ತಿರ ಉಳಿದಿರುವುದು ಒಂದೇ ಸ್ಲಾಟ್. ಆ ಹೊತ್ತಿಗೆ ದೇವರ ಹೆಸರನ್ನು ಯಾರೂ ಮರೆಯುವುದಿಲ್ಲ.

ಇನ್ನೊಂದು ದೃಶ್ಯ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 19ನೇ ಗೇಟಿನ ಚೈನ್ ತುಂಡಾಯಿತಲ್ಲ, ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಮಲಗಲಿಲ್ಲ. 33 ಗೇಟುಗಳಲ್ಲಿ ಒಂದು ಹೋದದ್ದಕ್ಕೆ ತುಂಬಿದ ಡ್ಯಾಂ ಖಾಲಿ ಮಾಡುವ ಸ್ಥಿತಿ ಬಂತು. ಒಂದೇ ವಾರದಲ್ಲಿ, ಹರಿಯುವ ನೀರಿನಲ್ಲೇ ಗೇಟಿನ ಜಾಗ ಮುಚ್ಚುವ ಉಕ್ಕಿನ ಸ್ಟಾಪ್‌ಲಾಗ್ ಇಳಿಸಿದರು. ಅದನ್ನು ಇಳಿಸಿದವರಿಗೆ ನಾನು ಇವತ್ತಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ನಿಮ್ಮ ಎರಡು ನದಿಯ ನಾಡಿನಲ್ಲಿ ಅಂಥ ಒಂದು ರಾತ್ರಿ ಇಡಿ. ಡ್ರ್ಯಾಗನ್ ಬೇಡ. ಒಂದು ಅಣೆಕಟ್ಟೆಯ ಬಾಗಿಲು ಕಿತ್ತುಹೋಗಲಿ. ಬೂದಿಯವರು ಆ ರಾತ್ರಿ ಎಲ್ಲಿ ನಿಲ್ಲುತ್ತಾರೆ?

ಹೆಸರಿನ ಬಗ್ಗೆಯೂ ಒಂದು ಮಾತು. ನಮ್ಮ ಮಾನ್ವಿ ಸೀಮೆ ದಾಸರ ಸೀಮೆ. ಗುರು ಅಂಕಿತ ಕೊಟ್ಟ ಮೇಲೆ ದಾಸರು ಆ ಅಂಕಿತದಲ್ಲೇ ಪದ ಹಾಡುತ್ತಾರೆ. ವಿಜಯದಾಸರದ್ದು ವಿಜಯವಿಠಲ. ನಿಮ್ಮ ಸಂಘ ಸೇರಿದವರಿಗೂ ಅಂಥದ್ದೊಂದು ಇರಲಿ. ಪ್ಲೇಯರ್‌ಗಳಿಗೆ ಅದು ಬಹಳ ಹಿಡಿಸುತ್ತದೆ.

ಗಂಗಾವತಿ ಟೀಚರ್

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ನಾನು ಒಂದು ಕಡೆ ತಡೆಯಬೇಕು.

ಎಡೆದೊರೆ ಅವರೇ, ಹರಕೆಗೆ ಮಕ್ಕಳನ್ನು ಒಪ್ಪಿಸುತ್ತಾರೆ ಅಂತ ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ಬೇರೆ ಊರಿನಲ್ಲಿ ಕೂತು ಆಡುವವರಿಗೆ ಅದು ಕಥೆ. ನಮ್ಮ ಮೂರು ಜಿಲ್ಲೆಯವರಿಗೆ ಹಾಗಲ್ಲ. ಮುತ್ತು ಕಟ್ಟುವುದು ಅಂದರೆ ಏನು ಅಂತ ಇಲ್ಲಿ ಎಲ್ಲರಿಗೂ ಗೊತ್ತು. 1982ರಲ್ಲೇ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬಂತು. ಹಾಗೆ ಒಪ್ಪಿಸಲ್ಪಟ್ಟ ತಾಯಂದಿರ ಮಕ್ಕಳು ಇವತ್ತು ನಮ್ಮ ಶಾಲೆಗಳಲ್ಲಿ ಓದುತ್ತಿದ್ದಾರೆ, ಡಿಗ್ರಿ ಮಾಡುತ್ತಿದ್ದಾರೆ, ನಮ್ಮ ಟೇಬಲ್‌ಗೆ ಆಡಲು ಬರುತ್ತಾರೆ. ಅಪ್ಪನ ಹೆಸರು ಬರೆಯುವ ಜಾಗದಲ್ಲಿ ಪೆನ್ನು ನಿಲ್ಲಿಸಿದ ಮಗುವನ್ನು ನೀವು ನೋಡಿದ್ದರೆ ಆ ಸಾಲನ್ನು ಅಷ್ಟು ಸಲೀಸಾಗಿ ಬರೆಯುತ್ತಿರಲಿಲ್ಲ.

ಬರೆಯಲೇಬಾರದು ಅಂತ ನಾನು ಹೇಳುವುದಿಲ್ಲ. ಆಟ ಶುರು ಮಾಡುವ ಮೊದಲು ಒಂದು ಸಲ ಎಲ್ಲರೂ ಕೂತು, ಯಾವುದು ನಮ್ಮ ಟೇಬಲ್‌ಗೆ ಬರಬಹುದು, ಯಾವುದು ಬೇಡ ಅಂತ ಮಾತಾಡಿಕೊಳ್ಳಿ. ಸೆಷನ್ ಝೀರೋ ಇರುವುದೇ ಅದಕ್ಕೆ. ಯಾರಿಗಾದರೂ ಬೇಡ ಅನ್ನಿಸಿದರೆ ಕಾರಣ ಕೇಳಬೇಡಿ.

ಇನ್ನು ಸಂಘದ ರಚನೆ. ಧರ್ಮಸಂಘ ಅಂದ ಕೂಡಲೇ ಸೇರುವ ವಿಧಿ ಎಲ್ಲರೂ ಬರೆಯುತ್ತಾರೆ. ಬಿಟ್ಟು ಹೋಗುವ ವಿಧಿ ಯಾರೂ ಬರೆಯುವುದಿಲ್ಲ. ನನಗೆ ಒಂದು ಸಂಘ ಎಂಥದ್ದು ಅಂತ ತಿಳಿಯಬೇಕಾದರೆ ನಾನು ಕೇಳುವುದು ಒಂದೇ: ಇಲ್ಲಿಂದ ಹೋಗಬೇಕು ಅನ್ನಿಸಿದ ಹೆಣ್ಣುಮಗಳು ಯಾವ ಬಾಗಿಲಿನಿಂದ ಹೋಗುತ್ತಾಳೆ? ಅವಳ ಕೈಯಲ್ಲಿ ಏನಿರುತ್ತದೆ? ಅವಳನ್ನು ಯಾರಾದರೂ ಹಿಂಬಾಲಿಸುತ್ತಾರಾ?

ಅಂಕಿತದ ಮಾತು ನನಗೂ ಇಷ್ಟವಾಯಿತು. ಆದರೆ ಹುಟ್ಟಿದ ಹೆಸರನ್ನು ಕಿತ್ತುಕೊಳ್ಳಬೇಡಿ. ಅದರ ಜೊತೆಗೆ ಕೊಡಿ.

ಎಡೆದೊರೆ, ಸಿಂಧನೂರು

ಟೀಚರ್ ಅಕ್ಕ, ನೀವು ಬರೆದದ್ದನ್ನು ಎರಡು ದಿನ ಇಟ್ಟುಕೊಂಡು ಯೋಚನೆ ಮಾಡಿದೆ. ಆ ಸಾಲು ನಾನು ಯೋಚಿಸದೆ ಬರೆದದ್ದು. ತಪ್ಪಾಯಿತು. ಐದೂ ಪ್ಲೇಯರ್‌ಗಳಿಗೆ ಬೇರೆ ಬೇರೆಯಾಗಿ ಫೋನ್ ಮಾಡಿ ಕೇಳಿದೆ. ಇರಲಿ ಅಂದರು. ಆದರೆ ದೃಶ್ಯವಾಗಿ ತೋರಿಸುವುದು ಬೇಡ ಅಂತ ಒಬ್ಬರು ಕೇಳಿಕೊಂಡರು. ತೋರಿಸುವುದಿಲ್ಲ.

ಹೊಸದಾಗಿ ಬರೆದದ್ದು ಹೀಗಿದೆ. ಈ ಸಲ 14 ಪುಟ ಇಲ್ಲ.

ಜನ ಇವರನ್ನು ಬೂದಿಯವರು ಅನ್ನುತ್ತಾರೆ. ತಮ್ಮ ಮನೆಯನ್ನು ಇವರು ಒಲೆಮನೆ ಅನ್ನುತ್ತಾರೆ. ಪ್ರತಿ ಹಳ್ಳಿಯ ಪ್ರತಿ ಮನೆ ವಾರಕ್ಕೆ ಒಂದು ಕುಳ್ಳು ಕೊಡುತ್ತದೆ. ಬೇರೆ ಕಾಣಿಕೆ ತಗೊಳ್ಳುವ ಹಾಗಿಲ್ಲ. ಯಾರ ಒಲೆ ಆರಿದರೂ ಬೂದಿಯವರು ಬೆಂಕಿ ತಂದು ಕೊಡಬೇಕು, ಮಳೆ ಇರಲಿ, ಯುದ್ಧ ಇರಲಿ. ಯುದ್ಧದಲ್ಲಿ ಎರಡೂ ಸೈನ್ಯದವರು ಇವರನ್ನು ಮುಟ್ಟುವುದಿಲ್ಲ, ಏಕೆಂದರೆ ಎರಡೂ ಶಿಬಿರದ ಒಲೆ ಹಚ್ಚುವವರು ಇವರೇ. ಕೊನೆ ಮನೆ ಮೊದಲು ಅನ್ನುವ ವ್ರತ ಹಾಗೇ ಇಟ್ಟಿದ್ದೇನೆ. ಕೊನೆ ಭಾಗ ಅವರೇ, ನಿಮ್ಮ ತಂದೆಗೆ ನನ್ನ ನಮಸ್ಕಾರ ತಿಳಿಸಿ.

ಊಟದ ಪಟ್ಟಿಗೆ ಬಳ್ಳಿಗಾವಿಯ ಕೋಡಿಮಠದ 1162ರ ಶಾಸನ ನೆನಪಾಯಿತು. ಕಾಳಾಮುಖರೆಂಬ ಶೈವ ಪಂಥದವರ ಮಠ ಅದು. ಅಲ್ಲಿ ಓದು ನಡೆಯುತ್ತಿತ್ತು. ಕುಂಟರು, ಕುರುಡರು, ಕಿವುಡರು, ಹಾಡುವವರು, ಬೇರೆ ಬೇರೆ ಮತದ ಸನ್ಯಾಸಿಗಳು, ಎಲ್ಲರಿಗೂ ಊಟ ಇತ್ತು. ದಿಕ್ಕಿಲ್ಲದ ರೋಗಿಗಳಿಗೆ ಔಷಧಿಯೂ ಇತ್ತು ಅಂತ ಆ ಶಾಸನ ಹೇಳುತ್ತದೆ. ನಾನು ಅದೇ ಪಟ್ಟಿಗೆ ಆಟದಲ್ಲಿ ಬರುವ ಆರ್ಕ್ ಅನ್ನುವ ರಾಕ್ಷಸರನ್ನೂ ಡ್ವಾರ್ಫ್ ಅನ್ನುವ ಕುಳ್ಳ ಜನರನ್ನೂ ಸೇರಿಸಿದೆ. ಮುದಗಲ್ಲಿನ ಮೊಹರಂ ನೋಡಿ ಬೆಳೆದವರಿಗೆ ಇದು ಹೊಸದಲ್ಲ. ಅಲಾಯಿ ದೇವರು ಹೊರಡುವಾಗ ಮುಂದೆ ನಿಂತು ಕೈ ಮುಗಿಯುವವರು ಯಾವ ಜಾತಿ ಅಂತ ಯಾರೂ ಕೇಳುವುದಿಲ್ಲ.

ಸತ್ತವರನ್ನು ಬದುಕಿಸುವ ರಿವಿವಿಫೈಗೆ 300 ಚಿನ್ನದ ನಾಣ್ಯದ ವಜ್ರ ಬೇಕು, ಒಂದು ಸಲಕ್ಕೆ ಮುಗಿದುಹೋಗುತ್ತದೆ. ಕಾಣಿಕೆ ತಗೊಳ್ಳದ ಸಂಘಕ್ಕೆ ವಜ್ರ ಎಲ್ಲಿಂದ? ಮೊದಲ ಮಳೆ ಬಿದ್ದ ಮೇಲೆ ಗಡಿ ಆಚೆ ಆಂಧ್ರದ ವಜ್ರಕರೂರು ಕಡೆ ಜನ ಹೊಲಗಳಲ್ಲಿ ಬಗ್ಗಿ ವಜ್ರ ಹುಡುಕುತ್ತಾರಲ್ಲ, ಬೂದಿಯವರೂ ಹಾಗೆ ಮಾಡುತ್ತಾರೆ. ವರ್ಷಕ್ಕೆ ಎರಡೋ ಮೂರೋ ಸಿಗುತ್ತವೆ. ಅವು ಯಾರಿಗೆ? ಕೊನೆ ಮನೆಗೆ ಮೊದಲು.

ಈಗ ಟೀಚರ್ ಅಕ್ಕನ ಪ್ರಶ್ನೆ. ಸ್ವಂತ ಒಲೆ ಹಚ್ಚಿ ಒಂದು ವರ್ಷ ಬದುಕಿದವರನ್ನು ಮಾತ್ರ ಸಂಘಕ್ಕೆ ಸೇರಿಸುತ್ತಾರೆ. ಮಕ್ಕಳನ್ನು ಸೇರಿಸುವ ಹಾಗೇ ಇಲ್ಲ. ಹೋಗುವವರು ಮುಂಬಾಗಿಲಿನಿಂದ, ಹಗಲು ಹೊತ್ತಿನಲ್ಲಿ ಹೋಗುತ್ತಾರೆ. ಸಂಘದ ಕೆಂಡ ಇಟ್ಟುಕೊಂಡಿದ್ದ ಗಡಿಗೆ ವಾಪಸ್ ಒಪ್ಪಿಸಿ, ಒಂದು ಕುಳ್ಳಿನ ಮೇಲೆ ಬೆಂಕಿ ಹಿಡಿದು ಹೊರಡುತ್ತಾರೆ, ತಮ್ಮ ಹೊಸ ಒಲೆಗೆ. ಅದು ಆರದ ಹಾಗೆ ಜೊತೆಗೆ ನಡೆಯುವುದು ಸಂಘದವರ ಕರ್ತವ್ಯ. ಗಡಿಗೆ ಒಡೆಯುವ ವಿಧಿ ಇಡೋಣ ಅಂತ ಮೊದಲು ಅಂದುಕೊಂಡಿದ್ದೆ. ಆದರೆ ನಮ್ಮಲ್ಲಿ ಗಡಿಗೆ ಒಡೆಯುವುದು ಸಾವಿನ ಮನೆಯ ಕೆಲಸ. ಬಿಟ್ಟು ಹೋಗುವವರು ನಮ್ಮ ಪಾಲಿಗೆ ಸತ್ತಿಲ್ಲವಲ್ಲ.

ಒಂದು ಕಾಲದಲ್ಲಿ ಇವರೂ ಮಕ್ಕಳನ್ನು ತಗೊಂಡಿದ್ದರು. ನೂರು ವರ್ಷದ ಹಿಂದೆ. ಆ ಮಕ್ಕಳ ಹೆಸರು ಬರೆದ ತಾಳೆಗರಿಗಳು ದಿಬ್ಬದ ಒಂದು ಪದರದ ಕೆಳಗೆ ಹೂತಿವೆ. ಇಲ್ಲಿಂದ ಸಂಘ ಎರಡಾಗಿದೆ. ಮುಚ್ಚುವವರು ಅನ್ನುತ್ತಾರೆ: ಬೂದಿಯೇ ಕೆಂಡವನ್ನು ಕಾಯುವುದು, ಕೆದಕಬೇಡಿ. ಊದುವವರು ಅನ್ನುತ್ತಾರೆ: ಊದದ ಕೆಂಡ ಬೆಳಗಾಗುವಷ್ಟರಲ್ಲಿ ಆರುತ್ತದೆ, ಹೆಸರುಗಳನ್ನು ಹೊರಗೆ ತನ್ನಿ. ನನಗೆ ಇಬ್ಬರ ಮಾತೂ ಅರ್ಥವಾಗುತ್ತದೆ. ಆದರೆ ನಾನು ಊದುವವರ ಕಡೆ.

ಡಿ20 ಬಳ್ಳಾರಿ

ಅಣ್ಣ, ಇಬ್ಬರಿಗೂ ಬೇರೆ ಬೇರೆ ಡೊಮೇನ್, ಅಂದರೆ ಕ್ಲೆರಿಕ್ ಶಕ್ತಿಯ ಕವಲು ಕೊಡಿ. ಮುಚ್ಚುವವರಿಗೆ ಲೈಫ್. ಗಾಯ ಮಾಯಿಸುವವರು ಅವರೇ ಆಗಲಿ. ತಪ್ಪು ಮುಚ್ಚುವವರ ಕೈಯಲ್ಲೇ ನಿಜವಾದ ಕರುಣೆಯೂ ಇರಲಿ. ಊದುವವರಿಗೆ ಲೈಟ್. ಜೋಪಾನ, ಲೈಟ್‌ನವರಿಗೆ ಐದನೇ ಲೆವೆಲ್‌ಗೆ ಫೈರ್‌ಬಾಲ್ ಸಿಗುತ್ತದೆ. ಸತ್ಯ ಹೊರಗೆ ತರಲು ಹೊರಟವರ ಕೈಗೆ ಊರು ಸುಡುವ ಬೆಂಕಿಯೂ ಬಂದಿರುತ್ತದೆ.

ಹಡಗಲಿ ಹುಡುಗ

ನಾನು ಈಗ ವಿಜಯನಗರ ಜಿಲ್ಲೆಯವನು. 2021ರ ತನಕ ಬಳ್ಳಾರಿಯವನೇ ಆಗಿದ್ದೆ, ಹಾಗಾಗಿ ಒಂದು ಮಾತು ಸೇರಿಸುತ್ತೇನೆ.

ಭವಿಷ್ಯ ಹೇಳುವವರು ಬೇಡವಾ? ನಮ್ಮ ಮೈಲಾರದ ಕಾರಣಿಕ ನೋಡಿದವರಿಗೆ ಗೊತ್ತು. ಉಪವಾಸ ಇದ್ದ ಗೊರವಯ್ಯ ಎತ್ತರದ ಬಿಲ್ಲು ಏರುತ್ತಾರೆ. "ಸದ್ದಲೇ" ಅಂತ ಒಂದು ಕೂಗು. ಅಷ್ಟು ದೊಡ್ಡ ಜನಸಾಗರ ಉಸಿರು ಬಿಗಿ ಹಿಡಿಯುತ್ತದೆ. ಒಂದೇ ಸಾಲಿನ ನುಡಿ ಬರುತ್ತದೆ. ಆಮೇಲೆ ಅವರು ಮೇಲಿಂದ ಕೆಳಗೆ ಬೀಳುತ್ತಾರೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ನಾನು ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದೆ. ಆ ನಿಶ್ಶಬ್ದ ಇನ್ನೂ ಕಿವಿಯಲ್ಲಿದೆ. ವಾಪಸ್ ಬರುವಾಗ ದಾರಿ ತುಂಬ ಅದೇ ಮಾತು. ರೈತರು ಮಳೆ ಅಂದರು, ವ್ಯಾಪಾರಿಗಳು ರೇಟು ಅಂದರು, ರಾಜಕೀಯದವರು ಕುರ್ಚಿ ಅಂದರು.

ಇದನ್ನು ಆಟದಲ್ಲಿ ಹೀಗೆ ಮಾಡಬಹುದು. ವರ್ಷಕ್ಕೊಮ್ಮೆ ಬೂದಿಯವರಲ್ಲಿ ಒಬ್ಬರು ಒಂದು ಸಾಲು ಹೇಳಲಿ. ಅದರ ಅರ್ಥವನ್ನು ನೀವು ಮೊದಲೇ ನಿಶ್ಚಯ ಮಾಡಬೇಡಿ. ಪ್ರತಿ ಪ್ಲೇಯರ್ ತನಗೆ ತೋಚಿದ ಅರ್ಥವನ್ನು ಚೀಟಿಯಲ್ಲಿ ಬರೆದು ಕೊಡಲಿ. ಯಾರು ಊರೂರಿಗೆ ಹೋಗಿ ಜನರನ್ನು ಒಪ್ಪಿಸುತ್ತಾರೋ ಅವರ ಅರ್ಥವೇ ಆ ವರ್ಷ ನಡೆಯಲಿ. ಪರ್ಸುಯೇಶನ್‌ಗೆ, ಅಂದರೆ ಮನವೊಲಿಸಲು, ಇಪ್ಪತ್ತು ಮುಖದ ದಾಳ ಡಿ20 ಹಾಕಿಸಿ. ಮುಚ್ಚುವವರೂ ಊದುವವರೂ ಅದೇ ಸಾಲನ್ನು ಹಿಡಿದುಕೊಂಡು ಓಡಾಡುತ್ತಿರುತ್ತಾರೆ.

ಗಂಟೆ ಬದಲು ಕಲ್ಲು ಇಡಿ. ಹಿರೇಬೆಣಕಲ್ ಗುಡ್ಡದಲ್ಲಿ ಕಬ್ಬಿಣಯುಗದ ದೊಡ್ಡ ಕಲ್ಲಿನ ಸಮಾಧಿಗಳ ಹತ್ತಿರ ಬಂಡೆ ಮೇಲೆ ನಗಾರಿಯ ಹಾಗಿರುವ ಕಲ್ಲಿದೆ, ಬಡಿದರೆ ದೂರಕ್ಕೆ ಕೇಳುತ್ತದೆ. ಸಂಗನಕಲ್ಲಿನ ಗುಡ್ಡದಲ್ಲೂ ನಾದ ಬರುವ ಬಂಡೆಗಳಿವೆ. ಕಲ್ಲಿನ ಸದ್ದು ಕೇಳಿದರೆ ಎಲ್ಲೋ ಒಂದು ಒಲೆ ಆರಿದೆ ಅಂತ ಅರ್ಥ.

ಗಂಗಾವತಿ ಟೀಚರ್

ಬಿಟ್ಟು ಹೋಗುವ ವಿಧಿ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಥ್ಯಾಂಕ್ಸ್.

ತಾಳೆಗರಿಯಲ್ಲಿ ಇರುವ ಹೆಸರುಗಳನ್ನು ನಿಜವಾಗಿ ಬರೆದಿಡಿ. "ಇಪ್ಪತ್ತು ಮಕ್ಕಳು" ಅಂತ ಅಂಕಿ ಹೇಳಿ ಬಿಡಬೇಡಿ. ಪ್ಲೇಯರ್ ಓದಿ ಹೇಳು ಅಂದರೆ ನೀವು ಇಪ್ಪತ್ತೂ ಹೆಸರು ಓದಬೇಕು.

ಎಡೆದೊರೆ, ಸಿಂಧನೂರು

ನಿನ್ನೆ ಆಡಿದೆವು. ಬರೆಯದೆ ಇರಲು ಆಗಲಿಲ್ಲ.

ಹೆಸರು ಬರೆದಿಟ್ಟಿದ್ದೆ, ಇಪ್ಪತ್ತಮೂರು. ನಮ್ಮ ಕಡೆಯ ಹಳೇ ಹೆಸರುಗಳು, ಹುಲಿಗೆಮ್ಮ, ಈರಮ್ಮ, ದುರುಗಪ್ಪ ಅಂತ. ದಿಬ್ಬದ ಪದರ ಅಗೆದು ತಾಳೆಗರಿ ತೆಗೆದ ಮೇಲೆ ಓದಿ ಅಂದರು. ಓದಿದೆ. ಹತ್ತನೇ ಹೆಸರಿನ ಹೊತ್ತಿಗೆ ಯಾರೂ ಮಂಡಕ್ಕಿ ಮುಟ್ಟುತ್ತಿರಲಿಲ್ಲ.

ನಮ್ಮ ಗುಂಪಿನ ಕ್ಲೆರಿಕ್, ಮುಚ್ಚುವವರಲ್ಲಿ ಒಬ್ಬಳು, ಅಲ್ಲಿಯೇ ಗಡಿಗೆ ಒಪ್ಪಿಸಿದಳು. ಇದನ್ನು ನಾನು ಅಂದುಕೊಂಡಿರಲಿಲ್ಲ. ಊದುವವರ ಕಡೆಗೂ ಹೋಗಲಿಲ್ಲ. ಸಂಘವನ್ನೇ ಬಿಟ್ಟಳು. ಒಲೆಮನೆಯ ಹಿರಿಯಳು ವಿಧಿಯ ಪ್ರಕಾರ ಒಂದು ಕುಳ್ಳಿನ ಮೇಲೆ ಬೆಂಕಿ ಇಟ್ಟು ಕೊಟ್ಟಳು. ಎಲ್ಲಿಗೆ ಹೋಗುತ್ತೀ ಅಂತ ಕೇಳಿದೆ. ಪಟ್ಟಿಯ ಕೊನೆಯ ಹೆಸರಿನ ಊರಿಗೆ ಅಂದಳು. ಕೊನೆ ಮನೆ ಮೊದಲು ಅಲ್ವಾ ಅಂದಳು.

ಆ ಊರು ಮೂರು ದಿನದ ದಾರಿ. ಕುಳ್ಳು ಅಷ್ಟು ಹೊತ್ತು ಉರಿಯುವುದಿಲ್ಲ. ಉಳಿದ ನಾಲ್ಕು ಜನ ಕೂತು ಲೆಕ್ಕ ಹಾಕಿದರು. ದಾರಿಯಲ್ಲಿ ಎಷ್ಟು ಹಳ್ಳಿ, ಯಾವ ಹಳ್ಳಿಯಲ್ಲಿ ಯಾರು ಪರಿಚಯ, ಎಲ್ಲೆಲ್ಲಿ ಹೊಸ ಕುಳ್ಳು ಕೇಳಬಹುದು, ರಾತ್ರಿ ಯಾರು ಎಚ್ಚರ ಇದ್ದು ಬೂದಿ ಮುಚ್ಚಬೇಕು. ಕತ್ತಿ ಹಿಡಿದ ಫೈಟರ್ ಮೊದಲ ಪಾಳಿ ತನ್ನದು ಅಂದ. ದೀಪ ಹಚ್ಚುವ ಹೊತ್ತು ದಾಟಿ ಒಂದು ತಾಸಾಗಿತ್ತು. ಯಾರೂ ಏಳಲಿಲ್ಲ.

ಎರಡನೇ ರಾತ್ರಿ ಮಳೆ ಶುರುವಾಗಿದೆ. ಅಲ್ಲಿಗೆ ನಿಲ್ಲಿಸಿದೆ. ಕುಡತಿನಿ ಅಣ್ಣ, ಮಳೆಯಲ್ಲಿ ಹೊರಗೆ ಇರುವಾಗ ಕೆಂಡ ಹೇಗೆ ಉಳಿಸುತ್ತಿದ್ದರು ಅಂತ ನಿಮ್ಮ ಮನೆಯಲ್ಲಿ ಹಿರಿಯರು ಯಾರಾದರೂ ಇದ್ದರೆ ಕೇಳಿ ಹೇಳುತ್ತೀರಾ? ಭಾನುವಾರದೊಳಗೆ ಬೇಕು.